ಅಶ್ವಶಕ್ತಿಯ ಅಂದಾಜು: ವ್ಯಾಸದಿಂದ ಗಾಳಿಗೆ

ಎಂಜಿನನ್ನು ಓಡಿಸುವ ಮೊದಲೇ ಅದರ ಬಲವನ್ನು ಅಂದಾಜು ಮಾಡಬಹುದೆ? ಬ್ರಿಟನ್ನಿನ ಮೋಟಾರು ಚರಿತ್ರೆಯಲ್ಲಿ ಈ ಪ್ರಶ್ನೆಗೆ ಎರಡು ಉತ್ತರಗಳು ದೊರೆಯುತ್ತವೆ. ಮೊದಲನೆಯದು ತೆರಿಗೆಯ ಲೆಕ್ಕ; ಎರಡನೆಯದು ಕಾರ್ಯಾಗಾರದ ಲೆಕ್ಕ. ಇವೆರಡರ ಅಂತರವನ್ನು ನಾವಿಲ್ಲಿ ವಿವೇಚಿಸುತ್ತೇವೆ.

ರಾಯಲ್ ಆಟೊಮೊಬೈಲ್ ಕ್ಲಬ್ಬಿನ ಸೂತ್ರ ಸರಳವಾದುದು. ಸಿಲಿಂಡರಿನ ವ್ಯಾಸವನ್ನು ಅಂಗುಲಗಳಲ್ಲಿ ಅಳೆದು ವರ್ಗ ಮಾಡಿ, ಸಿಲಿಂಡರುಗಳ ಸಂಖ್ಯೆಯಿಂದ ಗುಣಿಸಿ, 2.5ರಿಂದ ಭಾಗಿಸಿದರೆ ಬಂದುದೇ ಅಶ್ವಶಕ್ತಿ. ಪಿಸ್ಟನ್ನು ನಿಮಿಷಕ್ಕೆ 1000 ಅಡಿ ಚಲಿಸುವುದೆಂಬ ಊಹೆ ಇದರ ತಳಹದಿ. 1910ರಲ್ಲಿ ಮೋಟಾರು ತೆರಿಗೆಗೆ ಇದೇ ಆಧಾರವಾಯಿತು. 1921ರಿಂದ ಅಶ್ವಶಕ್ತಿಯೊಂದಕ್ಕೆ ಒಂದು ಪೌಂಡು ತೆರಿಗೆ. ಪಿಸ್ಟನ್ನು ಚಲಿಸುವ ದೂರಕ್ಕೆ ಸೂತ್ರದಲ್ಲಿ ಸ್ಥಾನವಿರಲಿಲ್ಲ. ಆದುದರಿಂದ ತಯಾರಕರು ವ್ಯಾಸವನ್ನು ಕುಗ್ಗಿಸಿ ಆ ದೂರವನ್ನು ಹಿಗ್ಗಿಸಿದರು. ಅಳೆಯಲು ಹುಟ್ಟಿದ ಸೂತ್ರ ಅಳೆಯಬೇಕಾದ ವಸ್ತುವಿನ ರೂಪವನ್ನೇ ಬದಲಾಯಿಸಿತು. ಕಿರಿದಾದ ಸಿಲಿಂಡರಿನ ಮೇಲೆ ದೊಡ್ಡ ಕವಾಟಗಳಿಗೆ ಎಡೆಯಿಲ್ಲ. ಎಂಜಿನಿನ ಉಸಿರಾಟಕ್ಕೇ ಅಡ್ಡಿಯಾಯಿತು. ಹೊಸ ಕಾರುಗಳಿಗೆ ಈ ಪದ್ಧತಿ 1947ರಲ್ಲಿ ಕೊನೆಗೊಂಡಿತು.

ಉಸಿರಾಟವೆಂಬುದು ಇಲ್ಲಿ ಬರಿಯ ಅಲಂಕಾರದ ಮಾತಲ್ಲ. ಪೆಟ್ರೋಲು ಪೂರ್ಣವಾಗಿ ಉರಿಯಲು ತನ್ನ ತೂಕದ ಸುಮಾರು 15 ಪಾಲು ಗಾಳಿ ಬೇಕು. ಪೆಟ್ರೋಲನ್ನು ಹೆಚ್ಚಿಸುವುದು ಸುಲಭ. ಗಾಳಿಯನ್ನು ತುಂಬುವುದು ಕಷ್ಟ. ಹ್ಯಾರಿ ವೆಸ್ಲೇಕ್ (1897–1978) ಈ ತತ್ತ್ವವನ್ನು ಹಿಡಿದು ಸಿಲಿಂಡರ್ ಹೆಡ್ಡಿನ ಮೂಲಕ ಹರಿಯುವ ಗಾಳಿಯನ್ನು ಅಳೆದು, ಅದರ ದಾರಿಗಳನ್ನು ತಿದ್ದಿದರು. ಅವರ ನೆರವು ಪಡೆದ ಜಾಗ್ವಾರ್ ಎಕ್ಸ್‌ಕೆ ಎಂಜಿನು 1948ರಲ್ಲಿ ಪ್ರಕಟವಾಯಿತು. ಆರು ಸಿಲಿಂಡರು, 83 ಮಿಲಿಮೀಟರ್ ವ್ಯಾಸ: ಹಳೆಯ ಸೂತ್ರದಂತೆ ಇದರ ಬಲ 25.6 ಅಶ್ವಶಕ್ತಿ, ಸಂಸ್ಥೆ ಸಾರಿದ್ದು 160.

ಮುಂದೆ ಅಮೆರಿಕದ ಕಾರ್ಯಾಗಾರಗಳಲ್ಲಿ ಇನ್ನೊಂದು ಸೂತ್ರ ರೂಢಿಗೆ ಬಂದಿತು. ಕವಾಟವನ್ನು ತೆರೆದಿಟ್ಟು, 28 ಅಂಗುಲ ನೀರಿನ ಒತ್ತಡದ ವ್ಯತ್ಯಾಸದಲ್ಲಿ ನಿಮಿಷಕ್ಕೆ ಹರಿಯುವ ಗಾಳಿಯನ್ನು ಘನ ಅಡಿಗಳಲ್ಲಿ ಅಳೆದು, ಸಿಲಿಂಡರುಗಳ ಸಂಖ್ಯೆಯಿಂದಲೂ 0.257ರಿಂದಲೂ ಗುಣಿಸಬೇಕು. ಎಂಟು ಸಿಲಿಂಡರಿನ ಎಂಜಿನಿನಲ್ಲಿ ಹರಿವು 200 ಆದರೆ ಉತ್ತರ ಸುಮಾರು 411. ಒತ್ತಡ 10 ಅಂಗುಲವಾದರೆ ಗುಣಕ 0.43; ಏಕೆಂದರೆ ಹರಿವು ಒತ್ತಡದ ವರ್ಗಮೂಲವನ್ನು ಅನುಸರಿಸುತ್ತದೆ.

ಆದರೆ ಈ ಸಂಖ್ಯೆಯೂ ಅಂತಿಮವಲ್ಲ. ಪರೀಕ್ಷೆಯಲ್ಲಿ ಗಾಳಿ ಒಂದೇ ಸಮನೆ ಹರಿಯುತ್ತದೆ. ಓಡುವ ಎಂಜಿನಿನಲ್ಲಿ ತಡೆತಡೆದು ನುಗ್ಗುತ್ತದೆ. ಕ್ಯಾಮಿನ ಆಕಾರ, ಸಂಪೀಡನ, ಹೊಗೆಕೊಳವೆ ಇವೆಲ್ಲ ತಕ್ಕಂತಿದ್ದರೆ ಮಾತ್ರ ಈ ಬಲ ಸಿದ್ಧಿಸೀತು. ಇದು ಸಾಮರ್ಥ್ಯದ ಅಂದಾಜೇ ಹೊರತು ಸಾಧನೆಯ ಲೆಕ್ಕವಲ್ಲ. ಆದರೂ ಹಳೆಯ ಸೂತ್ರ ಪಾತ್ರೆಯ ಬಾಯನ್ನು ಅಳೆಯಿತು, ಹೊಸದು ಅದರೊಳಕ್ಕೆ ಹೋಗುವುದನ್ನು ಅಳೆಯಿತು. ಸೂತ್ರವೊಂದನ್ನು ಒಪ್ಪುವ ಮುನ್ನ ಅದು ಏನನ್ನು ಕೈಬಿಟ್ಟಿದೆಯೆಂದು ಕೇಳಬೇಕೆಂಬುದೇ ಈ ಚರಿತ್ರೆಯಿಂದ ನಾವು ಕಲಿಯಬಹುದಾದ ಪಾಠ.