ಸೊಂಟದ ಕತ್ತಿಯಿಂದ ಜೇಬಿನ ಚಾಕುವಿನವರೆಗೆ

ಮಳೆಗಾಲ ಕಳೆದು ತಾಪಿಯ ನೀರು ತಿಳಿಯಾಗುವ ಹೊತ್ತಿಗೆ ಸೂರತ್ತಿನ ನಮ್ಮ ಮನೆಗಳ ಮಕ್ಕಳು ಬೆನ್ನಿಗೆ ಚೀಲ ಏರಿಸಿಕೊಂಡು ಡಾಂಗಿನ ಕಾಡಿಗೆ ಹೊರಡುತ್ತಾರೆ. ವಡೋದರೆಯವರಿಗೆ ಪಾವಾಗಢ, ಅಹಮದಾಬಾದಿನವರಿಗೆ ಪೋಲೋ ಕಾಡು. ಚೀಲ ಕಟ್ಟುವಾಗ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: ಯಾವ ಚಾಕು ಒಯ್ಯಬೇಕು? ಅಂಗಡಿಯವನು ತೋರಿಸುವುದು ಅಗಲವಾದ ಕಪ್ಪು ಅಲಗಿನ, ಸಿನಿಮಾದಲ್ಲಿ ಕಂಡಂಥ ಕತ್ತಿ. ಅದನ್ನು ಕಂಡ ತಾಯಿ ಚಾಕುವೇ ಬೇಡವೆನ್ನುತ್ತಾಳೆ. ಚಾಕುವಿಲ್ಲದೆ ಕಾಡಿಗೆ ಹೋಗುವುದು ಹೇಗೆಂದು ಮಗ ಕೇಳುತ್ತಾನೆ. ಇಬ್ಬರ ಮಾತಿನಲ್ಲೂ ನ್ಯಾಯವಿದೆ. ಈ ವಾದಕ್ಕೆ ಚರಿತ್ರೆಯಲ್ಲಿ ಒಂದು ಉತ್ತರ ಸಿಕ್ಕೀತೆಂಬುದು ಈ ಬರಹದ ನಂಬಿಕೆ. ಮನುಷ್ಯರು ದಿನನಿತ್ಯ ಜೊತೆಗಿಟ್ಟುಕೊಂಡ ಅಲಗುಗಳಿಗೆಲ್ಲ ಎರಡು ಲಕ್ಷಣಗಳು ಇದ್ದೇ ಇವೆ. ಒಂದು, ಹೆಸರಿಟ್ಟು ಹೇಳಬಹುದಾದ ಕೆಲಸ. ಇನ್ನೊಂದು, ಕೆಲಸ ಮುಗಿದ ಮೇಲೆ ಅಲಗು ಸೇರಬೇಕಾದ ಜಾಗ.

ಗುಜರಾತಿನಲ್ಲಿರುವ ಕನ್ನಡಿಗರು ಈ ಕಥೆಯನ್ನು ಲೋಥಲ್‌ನಿಂದ ಆರಂಭಿಸುವುದು ಉಚಿತ. ಅಹಮದಾಬಾದಿನಿಂದ ಸುಮಾರು 80 ಕಿ.ಮೀ. ದೂರದ ಈ ಹರಪ್ಪಾ ಪಟ್ಟಣವನ್ನು 1955ರಿಂದ 1960ರವರೆಗೆ ಅಗೆದು ತೆಗೆದವರು ಕನ್ನಡಿಗರೇ ಆದ ಶಿಕಾರಿಪುರ ರಂಗನಾಥ ರಾವ್. ಅಲ್ಲಿಯ ಹಡಗುಕಟ್ಟೆ, ಮಣಿ ತಯಾರಿಸುವ ಕಾರ್ಖಾನೆಗಳು ಪ್ರಸಿದ್ಧ. ಅವುಗಳ ನಡುವೆ ಕಣ್ಣಿಗೆ ಅಷ್ಟಾಗಿ ಬೀಳದ ವಸ್ತುವೊಂದಿದೆ: ಬೆರಳುದ್ದದ, ಎರಡೂ ಅಂಚು ಸಮಾಂತರವಾಗಿರುವ ತೆಳುವಾದ ಕಲ್ಲಿನ ಅಲಗು. ಇದು ಚರ್ಟ್ ಎಂಬ ಗಟ್ಟಿ ಕಲ್ಲಿನದು. ಆ ಕಲ್ಲು ಬರುತ್ತಿದ್ದುದು ದೂರದ ಸಿಂಧ್ ಪ್ರಾಂತದ ರೋಹ್ರಿ ಗುಡ್ಡಗಳಿಂದ. ತಾಮ್ರ, ಕಂಚು ಗೊತ್ತಿದ್ದ ಜನ ಕಲ್ಲನ್ನು ಬಿಡದಿದ್ದುದಕ್ಕೆ ಕಾರಣ ಸರಳ. ಲೋಹ ದುಬಾರಿ, ಕಲ್ಲಿನ ಅಲಗನ್ನಾದರೋ ಮೊಂಡಾದಾಗ ಎಸೆದು ಹೊಸತನ್ನು ಹಿಡಿಗೆ ಸಿಕ್ಕಿಸಬಹುದು. ಇಂದಿನ ಕಾಗದ ಕತ್ತರಿಸುವ ಕಟರಿನ ತರ್ಕವೂ ಅದೇ. ಮುಂದೆ ಸಿಂಧ್‌ನೊಡನೆ ಸಂಪರ್ಕ ಕಡಿದಾಗ ಲೋಥಲ್‌ನವರು ಸ್ಥಳೀಯವಾಗಿ ದೊರೆಯುವ ಜಾಸ್ಪರ್, ಅಗೇಟ್ ಕಲ್ಲುಗಳ ಗಿಡ್ಡ ಅಲಗುಗಳಿಗೆ ಇಳಿದರು. ಉತ್ತಮವಾದುದು ಸಿಗದಾಗ ಸಿಕ್ಕಿದ್ದರಲ್ಲಿ ಕೆಲಸ ಸಾಗಿಸಿದ ಆ ವಿವೇಕ ಚಾಕು ಕೊಳ್ಳುವ ಎಲ್ಲರಿಗೂ ಪಾಠ.

ಕೆಲಸಕ್ಕೆ ತಕ್ಕ ಹೆಸರೆಂಬ ಮೊದಲ ಲಕ್ಷಣವನ್ನು ನಮ್ಮ ನುಡಿಯೇ ಕಾಪಾಡಿಕೊಂಡಿದೆ. ಕಾವ್ಯ ಓದುವವನಿಗೆ ‘ಕತ್ತಿ’ ರಣರಂಗದ ಆಯುಧ. ಕರಾವಳಿಯ, ಮಲೆನಾಡಿನ ರೈತನಿಗೆ ಅದು ತೋಟದ ಉಪಕರಣ. ಹುಲ್ಲು ಕೊಯ್ಯಲು ಹುಲ್ಲುಗತ್ತಿ, ಕಾಲಲ್ಲಿ ಮೆಟ್ಟಿ ತರಕಾರಿ ಹೆಚ್ಚಲು ಮೆಟ್ಟುಕತ್ತಿ, ಗಡ್ಡ ಹೆರೆಯಲು ಕ್ಷೌರದ ಕತ್ತಿ. ಬಯಲುಸೀಮೆಯಲ್ಲಿ ಈಳಿಗೆಮಣೆ, ಕುಡುಗೋಲು, ಮಚ್ಚು. ಪಾರಸಿಯಿಂದ ಬಂದ ‘ಚಾಕು’, ಸಂಸ್ಕೃತ ಮೂಲದ ‘ಚೂರಿ’ ಎಂಬ ಮಾತುಗಳು ಅಲಗನ್ನಷ್ಟೇ ಹೇಳುತ್ತವೆ, ಕೆಲಸವನ್ನು ಹೇಳುವುದಿಲ್ಲ. ಯಾವ ಕೆಲಸಕ್ಕೆಂದು ತಿಳಿಯದೆ ಚಾಕು ಕೊಳ್ಳುವ ಇಂದಿನ ಗೊಂದಲ ಈ ಪದಗಳಲ್ಲೇ ಅಡಗಿದೆಯೇನೋ ಎನಿಸುತ್ತದೆ.

ಎರಡನೆಯ ಲಕ್ಷಣವನ್ನು, ಎಂದರೆ ಅಲಗಿನ ತಂಗುದಾಣವನ್ನು, ನೋಡಬೇಕಾದರೆ ಮಲೆನಾಡಿನ ಕೆಲಸಗಾರನ ಸೊಂಟವನ್ನು ನೋಡಬೇಕು. ಬೆನ್ನ ಹಿಂದೆ ಕಟ್ಟಿದ ಕೊಕ್ಕೆಯಲ್ಲಿ ಅವನ ಕತ್ತಿ ತೂಗುತ್ತದೆ. ಮರ ಹತ್ತುವಾಗ ಎರಡು ಕೈಯೂ ಖಾಲಿ. ಕೊಡಗಿನಲ್ಲಿ ಈ ವ್ಯವಸ್ಥೆ ಸಂಸ್ಕಾರವಾಗಿಯೇ ಬೆಳೆಯಿತು. ಅಗಲವಾಗಿ ಬಾಗಿದ ಒಡಿಕತ್ತಿ ಬೆನ್ನ ಹಿಂದಿನ ‘ತೋಡಂಗ್’ ಎಂಬ ಲೋಹದ ಹಿಡಿಕೆಯಲ್ಲಿರುತ್ತದೆ. ಪುಟ್ಟ ಪೀಚೆಕತ್ತಿ ಬೆಳ್ಳಿಕಟ್ಟಿನ ಒರೆಯೊಳಗೆ, ಮುಂದೆ ಚೇಲೆಯ ಮಡಿಕೆಯಲ್ಲಿ. ಹಳೆಯ ಪೀಚೆಕತ್ತಿಗಳ ಒರೆಗೆ ಸರಪಳಿಯೊಂದಿರುತ್ತಿತ್ತು. ಅದರ ತುದಿಯಲ್ಲಿ ಚಿಮುಟ, ಕಿವಿ ಕೆರೆಯುವ ಕಡ್ಡಿ ಮುಂತಾದ ಪುಟಾಣಿ ಸಲಕರಣೆಗಳು ನೇತಾಡುತ್ತಿದ್ದವು. ಇಂದು ‘ಮಲ್ಟಿಟೂಲ್’ ಎಂದು ಕರೆಯುವ ವಸ್ತುವಿನ ಕಲ್ಪನೆ ಕಾವೇರಿಯ ತವರಿನಲ್ಲಿ ಸೊಂಟದ ಒಡವೆಯಾಗಿ ಆಗಲೇ ಇದ್ದಿತು. ಮದುವೆಯಲ್ಲಿ ನೆಟ್ಟ ಬಾಳೆದಿಂಡನ್ನು ಒಡಿಕತ್ತಿಯಿಂದ ಕಡಿಯುವ ಶಾಸ್ತ್ರ ಈಗಲೂ ಉಂಟು. 1861ರಲ್ಲಿ ಬ್ರಿಟಿಷ್ ಆಡಳಿತ ಕೊಡವರನ್ನು ನಿರಾಯುಧೀಕರಣದ ಕಾಯಿದೆಯಿಂದ ಹೊರಗಿಟ್ಟಿದ್ದು ಆ ನೆಲಕ್ಕೆ ಸೇರಿದ ವಿಶೇಷ. ಅದನ್ನು ಸೂರತ್ತಿನ ಬೀದಿಗೆ ಹೊತ್ತು ತರಲಾಗದು.

ಬೀದಿಗೆ ತರಬಹುದಾದ ಅಲಗು ಬೇರೊಂದಿತ್ತು. ಅದು ನಮ್ಮ ಅಜ್ಜಿಯರ ಎಲೆಯಡಿಕೆಯ ಸಂಚಿಯಲ್ಲಿದ್ದ ಅಡಕತ್ತರಿ. ಕೀಲಿನಿಂದ ಜೋಡಿಸಿದ ಎರಡು ತೋಳು, ಮೇಲಿನದಕ್ಕೆ ಅಲಗು, ಕೆಳಗಿನದಕ್ಕೆ ಅಡಿಕೆ ಕೂರುವ ಒರಗು. ಅಲಗು ಇಳಿಯುವುದು ತನ್ನದೇ ಕೆಳತೋಳಿನ ಮೇಲೆ. ಮುಚ್ಚಿದಾಗ ಹರಿತವಾದ ಅಂಚು ಒಳಗೇ ಅಡಗುತ್ತದೆ. ಕೆಲಸವೂ ತಂಗುದಾಣವೂ ಒಂದೇ ವಸ್ತುವಿನಲ್ಲಿ ಕೂಡಿದ ಇದಕ್ಕೆ ಒರೆಯೇ ಬೇಕಿಲ್ಲ. ಮುಗ್ಗಟ್ಟಿನಲ್ಲಿರುವವನನ್ನು ‘ಅಡಕತ್ತರಿಗೆ ಸಿಕ್ಕ ಅಡಿಕೆ’ ಎನ್ನುವಷ್ಟು ಅದು ನಮ್ಮ ಮಾತಿಗೆ ಬಂದಿದೆ. ಗುಜರಾತಿಯಲ್ಲಿ ಇದರ ಹೆಸರು ‘ಸೂಡಿ’. ಕಚ್ಛ್‌ನ ಅಂಜಾರ್ ಊರು ಸೂಡಿಗೂ ಚಾಕುಗಳಿಗೂ ಹೆಸರುವಾಸಿ. ಅಹಮದಾಬಾದಿನ ವಿಶಾಲಾದಲ್ಲಿ 1981ರಿಂದ ಇರುವ ಪಾತ್ರೆಗಳ ಸಂಗ್ರಹಾಲಯದಲ್ಲಿ ಸೂಡಿಗಳ ಹಲವು ರೂಪಗಳನ್ನು ಕಾಣಬಹುದು. ಈ ಸೂಡಿಯ ಬಾಯಿಗೆ ಬಿದ್ದ ಅಡಿಕೆ ಬಹುಪಾಲು ಎಲ್ಲಿಯದು? ದಕ್ಷಿಣ ಕನ್ನಡ, ಕಾಸರಗೋಡುಗಳ ಚಾಲಿ ಅಡಿಕೆಗೆ ಗುಜರಾತು ಬಹುಕಾಲದ ಮಾರುಕಟ್ಟೆ. 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಸ್ಥಾಪನೆಯಾದದ್ದು ಆ ಬೆಳೆಗಾರರ ಹಿತಕ್ಕಾಗಿಯೇ. ನಮ್ಮ ತೋಟದ ಕತ್ತಿ ಕೊಯ್ದುದನ್ನು ಇಲ್ಲಿಯ ಸೂಡಿ ಸೀಳಿತು. ಎರಡು ನಾಡುಗಳ ನಂಟು ಎರಡು ಅಲಗುಗಳ ನಡುವೆ ಬೆಳೆದಿದೆ.

ಅಲಗಿನ ಲೋಹದ ಕಥೆಯಲ್ಲೂ ಕನ್ನಡಕ್ಕೆ ಪಾಲಿದೆ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಮಣ್ಣಿನ ಮೂಸೆಗಳಲ್ಲಿ ಉಕ್ಕು ಕಾಯಿಸುವ ಕ್ರಮವನ್ನು ವಿವರವಾಗಿ ಬರೆದಿಟ್ಟಿದ್ದಾನೆ. ದಕ್ಷಿಣ ಭಾರತದ ಈ ಉಕ್ಕನ್ನು ಯುರೋಪು ‘ವೂಟ್ಸ್’ ಎಂದು ಕರೆಯಿತು. ಆ ಹೆಸರು ನಮ್ಮ ‘ಉಕ್ಕು’ ಎಂಬ ಮಾತಿನ ಅಪಭ್ರಂಶವೆಂಬುದು ವಿದ್ವಾಂಸರಲ್ಲಿ ಬಹುಮಟ್ಟಿಗೆ ಒಪ್ಪಿತವಾದ ಅಭಿಪ್ರಾಯ. ಮುಂಬಯಿಯಿಂದ ಲಂಡನ್ನಿಗೆ ಕಳುಹಿಸಿದ ಮಾದರಿಗಳನ್ನು ಜಾರ್ಜ್ ಪಿಯರ್ಸನ್ ಪರೀಕ್ಷಿಸಿ 1795ರಲ್ಲಿ ಪ್ರಬಂಧ ಪ್ರಕಟಿಸಿದನು. ಆ ಪರೀಕ್ಷೆಗಾಗಿ ಸ್ಟೋಡಾರ್ಟ್ ಎಂಬ ಚಾಕು ತಯಾರಕ ವೂಟ್ಸ್‌ನಿಂದ ಮಾಡಿದ್ದು ಖಡ್ಗವನ್ನಲ್ಲ, ಲೇಖನಿ ಹೆರೆಯುವ ಪುಟ್ಟ ಚಾಕುವನ್ನು. ಅತ್ಯುತ್ತಮ ಉಕ್ಕಿನ ಚಾಕುವಿಗೆ ಅದು ಸರಿಸಮವಾಗಿದ್ದಿತು. ಇಂಗಾಲ ಹೆಚ್ಚಿರುವ ಉಕ್ಕು ಸೂಕ್ಷ್ಮವಾದ ಹರಿತವನ್ನು ಹಿಡಿಯುತ್ತದೆ. ಆದರೆ ತೇವ ತಗುಲಿದರೆ ತುಕ್ಕು ಹಿಡಿಯುತ್ತದೆ. 1913ರಲ್ಲಿ ಶೆಫೀಲ್ಡಿನ ಹ್ಯಾರಿ ಬ್ರಿಯರ್ಲಿ ಸುಮಾರು 13% ಕ್ರೋಮಿಯಂ ಬೆರೆಸಿದ ಉಕ್ಕನ್ನು ಎರಕ ಹೊಯ್ದ ಮೇಲೆ ತುಕ್ಕು ಹಿಡಿಯದ ಚಾಕುಗಳು ಊಟದ ಮೇಜಿಗೆ ಬಂದವು. ಕಡಲ ಗಾಳಿಯ ತೇವವಿರುವ ಸೂರತ್ತಿನಲ್ಲಿ, ಚಾಕುವಿಗೆ ಎಣ್ಣೆ ಸವರುವ ಅಭ್ಯಾಸವಿಲ್ಲದವರಿಗೆ ಈ ಎರಡನೆಯ ಬಗೆಯೇ ಲೇಸು.

ಹಿಡಿಯ ವಿಷಯದಲ್ಲೂ ಇದೇ ಎಚ್ಚರ ಬೇಕು. ಹದಿನಾರನೆಯ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಪ್ರವಾಸಿ ದುವಾರ್ತೆ ಬಾರ್ಬೋಸಾ, ನರ್ಮದೆಯ ಸೀಮೆಯ ಲಿಮೋದ್ರಾದಲ್ಲಿ ಕೆಂಪು ಅಕೀಕ್ ಕಲ್ಲಿನಿಂದ ಮಣಿ, ಉಂಗುರಗಳ ಜೊತೆಗೆ ಕಿರುಗತ್ತಿ, ಕಠಾರಿಗಳ ಹಿಡಿಗಳನ್ನೂ ಮಾಡುತ್ತಿದ್ದರೆಂದು ಬರೆದಿದ್ದಾನೆ. ನೋಡಲು ಮನೋಹರವಾದ ಆ ಹಿಡಿ ಬೆವರಿದ ಅಂಗೈಯಲ್ಲಿ ಜಾರುತ್ತದೆ, ಕಲ್ಲಿನ ಮೇಲೆ ಬಿದ್ದರೆ ಒಡೆಯುತ್ತದೆ. ದುಡಿಯುವ ಕತ್ತಿಗಳ ಹಿಡಿ ಎಲ್ಲೆಡೆಯೂ ಮರದ್ದೋ ಕೊಂಬಿನದ್ದೋ ಆಗಿದ್ದುದು ಸುಮ್ಮನೆ ಅಲ್ಲ.

ಇಂದಿನ ಜೇಬಿನ ಚಾಕು ಹುಟ್ಟಿದ್ದೂ ಇಂಥ ಖಚಿತವಾದ ಅಗತ್ಯಗಳಿಂದಲೇ. 1891ರಲ್ಲಿ ಸ್ವಿಸ್ ಸೈನ್ಯ ತನ್ನ ಸೈನಿಕರಿಗೆ ಕೊಟ್ಟ ಮಡಚುವ ಚಾಕುವಿನಲ್ಲಿದ್ದದ್ದು ನಾಲ್ಕೇ ಅಂಗ: ಅಲಗು, ತೂತು ಕೊರೆಯುವ ದಬ್ಬಳ, ಡಬ್ಬಿ ತೆರೆಯುವ ಕೊಕ್ಕೆ, ಸ್ಕ್ರೂ ತಿರುಗಿಸುವ ತುದಿ. ಸೈನಿಕನ ಊಟ ತಗಡಿನ ಡಬ್ಬಿಯಲ್ಲಿ ಬರುತ್ತಿತ್ತು. ಅವನ ಬಂದೂಕನ್ನು ಬಿಚ್ಚಲು ಸ್ಕ್ರೂ ತಿರುಗಿಸಬೇಕಿತ್ತು. 1897ರಲ್ಲಿ ಕಾರ್ಲ್ ಎಲ್ಸೆನರ್ ಅಧಿಕಾರಿಗಳಿಗಾಗಿ ಹಗುರವಾದ ಇನ್ನೊಂದು ಮಾದರಿಯನ್ನು ರೂಪಿಸಿದನು. ಜಗತ್ತು ಬಲ್ಲ ಸ್ವಿಸ್ ಚಾಕುಗಳ ಪೂರ್ವಜ ಅದು. ಅಮೆರಿಕದ ಟಿಮ್ ಲೆದರ್‌ಮನ್ 1975ರಲ್ಲಿ ಹಳೆಯ ಫಿಯೆಟ್ ಕಾರಿನಲ್ಲಿ ಯುರೋಪು ಸುತ್ತುವಾಗ ಅವನ ಜೇಬಿನಲ್ಲಿ ಚಾಕುವಿತ್ತು. ಕಾರು ಕೆಟ್ಟಾಗ ಬೇಕಾದದ್ದು ಇಕ್ಕುಳ. 1983ರಲ್ಲಿ ಮಾರುಕಟ್ಟೆಗೆ ಬಂದ ಅವನ ಸಲಕರಣೆಯ ನಡುವೆ ಇಕ್ಕುಳವಿದ್ದು ಉಳಿದವು ಅದರ ತೋಳುಗಳಲ್ಲಿ ಮಡಚಿಕೊಂಡಿದ್ದವು.

ಈ ಚರಿತ್ರೆಗೆ ಸೂರತ್ತಿನ ಸುತ್ತಣ ಕಬ್ಬಿನ ಗದ್ದೆಗಳಲ್ಲಿ ನೋವಿನ ಒಂದು ಪುಟವಿದೆ. ಬಾರ್ಡೋಲಿಯ ಸಕ್ಕರೆ ಕಾರ್ಖಾನೆಗಳಿಗೆ ಕಬ್ಬು ಕಡಿಯಲು ಖಾನದೇಶದಿಂದ, ಡಾಂಗಿನಿಂದ ಪ್ರತಿವರ್ಷ ಬರುವ ಕೂಲಿಗಳ ಕೈಯಲ್ಲಿರುವ ಕತ್ತಿಯ ಹೆಸರು ‘ಕೊಯ್ತಾ’. ನಮ್ಮ ‘ಕೊಯ್’ ಧಾತುವಿನ ನೆಂಟಸ್ತನ ಕಿವಿಗೇ ಕೇಳಿಸುತ್ತದೆ. ಆದರೆ ಮೇಸ್ತ್ರಿಯ ಲೆಕ್ಕದಲ್ಲಿ ‘ಒಂದು ಕೊಯ್ತಾ’ ಎಂದರೆ ಕತ್ತಿಯಲ್ಲ. ಕಡಿಯುವ ಗಂಡ ಮತ್ತು ಕಟ್ಟುವ ಹೆಂಡತಿ ಸೇರಿದ ಒಂದು ಜೋಡಿ. ಕೆಲಸ ಕತ್ತಿಗೆ ಹೆಸರು ಕೊಡುವುದು ಸಹಜ. ಇಲ್ಲಿ ಕತ್ತಿಯೇ ಮನುಷ್ಯರಿಗೆ ಹೆಸರಾಗಿದೆ. ವಿಹಾರಕ್ಕೆಂದು ಡಾಂಗಿಗೆ ಹೋಗುವ ನಮ್ಮ ಮಕ್ಕಳು ಸೊಂಟಕ್ಕೆ ದೊಡ್ಡ ಕತ್ತಿ ಸಿಕ್ಕಿಸಿಕೊಳ್ಳುವ ಮುನ್ನ, ಅದೇ ಊರಿನವರು ಹೊಟ್ಟೆಪಾಡಿಗೆ ಕತ್ತಿ ಹಿಡಿದು ಇತ್ತ ಬರುತ್ತಾರೆಂಬುದನ್ನು ನೆನೆಯಬೇಕು.

ಕಾನೂನು ಕೇಳುವುದೂ ಅವೇ ಎರಡು ಪ್ರಶ್ನೆಗಳನ್ನು. 1959ರ ಶಸ್ತ್ರಾಸ್ತ್ರ ಕಾಯಿದೆಯ ನಿಯಮಗಳು 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಗಳನ್ನು ಆಯುಧಗಳ ಸಾಲಿಗೆ ಸೇರಿಸುತ್ತವೆ. ಆದರೆ ಮನೆಗೆಲಸಕ್ಕೆ, ಬೇಸಾಯಕ್ಕೆ, ವಿಜ್ಞಾನಕ್ಕೆ, ಉದ್ಯಮಕ್ಕೆ ರೂಪಿಸಿದವನ್ನು ಬಿಡುತ್ತವೆ. ಅಂದರೆ, ಕೆಲಸ ಯಾವುದು? ದೆಹಲಿಯ 1980ರ ಅಧಿಸೂಚನೆ ಸ್ಪ್ರಿಂಗಿನಿಂದ, ಗುಂಡಿಯಿಂದ ಚಿಮ್ಮಿ ತೆರೆಯುವ ಚಾಕುಗಳನ್ನು ಹೆಸರಿಸಿ, 7.62 ಸೆಂ.ಮೀ. ಉದ್ದ ಮತ್ತು 1.72 ಸೆಂ.ಮೀ. ಅಗಲದ ಮಿತಿ ಹಾಕಿತು. ಅಂದರೆ, ಅಲಗು ತನ್ನ ಜಾಗದಿಂದ ಹೇಗೆ ಹೊರಬರುತ್ತದೆ? ಹಿಮಾಲಯದ ಚಾರಣಕ್ಕೆ ದೆಹಲಿಯ ಮೂಲಕ ಹೋಗುವವರು ಇದನ್ನು ಮರೆಯಬಾರದು. ಗುಜರಾತಿನಲ್ಲಿಯೂ 1951ರ ಪೊಲೀಸ್ ಕಾಯಿದೆಯ 37ನೆಯ ಕಲಮಿನ ಪ್ರಕಾರ, ನಗರದಲ್ಲಿ ಚಾಕು, ದೊಣ್ಣೆಗಳನ್ನು ಒಯ್ಯುವುದನ್ನು ಆಗಾಗ ನಿಷೇಧಿಸಬಹುದು. ವಿಮಾನದ ಕೈಚೀಲದಲ್ಲಂತೂ ಚಾಕುವಿಗೆ ಎಡೆಯಿಲ್ಲ. ಅದು ಒಪ್ಪಿಸುವ ಸಾಮಾನಿನಲ್ಲಿರಬೇಕು.

ಹಾಗಾದರೆ ಮಗನ ಚೀಲಕ್ಕೆ ಯಾವುದು? ಮೊದಲು ಕೆಲಸಗಳನ್ನು ಒಂದು ಚೀಟಿಯಲ್ಲಿ ಬರೆಯಲಿ: ಹಣ್ಣು ಹೆಚ್ಚುವುದು, ಹಗ್ಗ ಕತ್ತರಿಸುವುದು, ಗಾಯದ ಪಟ್ಟಿ ಕತ್ತರಿಸುವುದು, ಮುಳ್ಳು ತೆಗೆಯುವುದು, ಹರಿದ ಪಟ್ಟಿಗೆ ತೂತು ಹಾಕುವುದು. ಇವಕ್ಕೆಲ್ಲ 6-7 ಸೆಂ.ಮೀ. ಉದ್ದದ, ಕೈಯಿಂದಲೇ ಬಿಚ್ಚುವ ತುಕ್ಕುರಹಿತ ಅಲಗು, ಜೊತೆಗೆ ಪುಟ್ಟ ಕತ್ತರಿ, ದಬ್ಬಳ, ಚಿಮುಟ ಇರುವ ಮಡಚುವ ಚಾಕು ಸಾಕು. ಸೈಕಲ್ಲು, ಒಲೆ ಒಯ್ಯುವವರು ಇಕ್ಕುಳವಿರುವ ಸಲಕರಣೆ ಕೊಳ್ಳಲಿ. ಒತ್ತಿ ಕೊಯ್ಯುವ ಕೆಲಸವಿದ್ದರೆ ಅಲಗು ಬೆರಳ ಮೇಲೆ ಮಡಚಿಕೊಳ್ಳದಂತೆ ಬೀಗವಿರಬೇಕು. ಫ್ರಾನ್ಸಿನ ಒಪಿನೆಲ್ ಚಾಕುವಿಗೆ 1955ರಲ್ಲಿ ಬಂದ ತಿರುಗುವ ಬಳೆ ಅದಕ್ಕಾಗಿಯೇ. ಮರ ಕಡಿಯುವ ದೊಡ್ಡ ಕತ್ತಿ ಚೀಟಿಯಲ್ಲಿ ಬರುವುದೇ ಇಲ್ಲ. ಸಂರಕ್ಷಿತ ಕಾಡಿನಲ್ಲಿ ಮರ ಕಡಿಯುವುದು ನಮ್ಮ ಕೆಲಸವೂ ಅಲ್ಲ. ಆತ್ಮರಕ್ಷಣೆಗೆಂದು ಯಾರಾದರೂ ಹೇಳಿದರೆ, ಆ ಕೆಲಸವನ್ನು ಚೀಟಿಯಿಂದ ಹೊಡೆದುಹಾಕಬೇಕು. ಜಗಳದಲ್ಲಿ ತೆಗೆದ ಚಾಕು ತೆಗೆದವನನ್ನೇ ಅಪರಾಧಿಯಾಗಿಸುವುದು ಹೆಚ್ಚು.

ಕಾಡಿಗೆ ಹೋಗುವ ದಿನ ಚಾಕು ಚೀಲದೊಳಗೆ ಇರಲಿ. ಮರಳಿದ ದಿನ ತೊಳೆದು, ಒರೆಸಿ, ಕೀಲಿಗೆ ಒಂದು ಹನಿ ಎಣ್ಣೆ ಬಿಟ್ಟು ಮನೆಯ ಸೆಳೆಖಾನೆಗೆ ಸೇರಲಿ. ಅಜ್ಜಿ ಅಡಿಕೆ ಕತ್ತರಿಸಿದ ಮೇಲೆ ಅಡಕತ್ತರಿಯನ್ನು ಮುಚ್ಚಿ, ಸೆರಗಿನ ತುದಿಯಿಂದ ಒರೆಸಿ, ಸಂಚಿಯೊಳಗೆ ಇಟ್ಟು ದಾರ ಎಳೆಯುತ್ತಿದ್ದಳಲ್ಲ, ಹಾಗೆ.