ಮಧುಗಿರಿ ಸೀಮೆಯ ಮನವಿಪತ್ರ: ಚರಿತ್ರೆ ಹೇಳುವ ಮಾತು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳನ್ನು ಶಿಕ್ಷಣ ಇಲಾಖೆಯು ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದು ಗುರುತಿಸಿರುವುದು ವಾಚಕ ಮಹಾಶಯರಿಗೆ ತಿಳಿದ ಸಂಗತಿಯೇ ಆಗಿದೆ. ಎಸ್.ಎಸ್.ಎಲ್.ಸಿ. ಫಲಿತಾಂಶದ ಪಟ್ಟಿಯಲ್ಲಿ ಮಧುಗಿರಿಗೆ ಪ್ರತ್ಯೇಕ ಸ್ಥಾನವುಂಟು. ಕಂದಾಯದ ಆಡಳಿತದಲ್ಲಿ ಮಾತ್ರ ಇವು ಹತ್ತು ತಾಲ್ಲೂಕುಗಳ ತುಮಕೂರು ಜಿಲ್ಲೆಗೆ ಸೇರಿವೆ. ಈ ಸೀಮೆಯೇ ಒಂದು ಕಂದಾಯ ಜಿಲ್ಲೆಯಾಗಬೇಕೆಂಬ ಬೇಡಿಕೆ ಬಹುಕಾಲದಿಂದ ಇದೆ, ಬೇಡವೆನ್ನುವವರಿಗೂ ಕಾರಣಗಳಿವೆ. ಇಂಥ ಸಂದರ್ಭದಲ್ಲಿ ಮನವಿಯನ್ನು ಬರೆದುಕೊಡುವ ಹೊಣೆ ಊರಿನ ಓದಿದವರ ಪಾಲಿಗೆ ಬರುತ್ತದೆ. ಶ್ರೀಮಠದಲ್ಲಿ ಓದಿ ಊರಿಗೆ ಮರಳಿದ ತಮ್ಮಲ್ಲಿ ಎಷ್ಟೋ ಜನ ಆ ಕೆಲಸವನ್ನು ಮಾಡಿದ್ದೀರಿ. ಆದುದರಿಂದ ಅದರ ಚರಿತ್ರೆಯನ್ನು ತಮ್ಮ ಮುಂದಿಡುತ್ತಿದ್ದೇವೆ.

1871ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50.5 ಲಕ್ಷ, 1881ರಲ್ಲಿ ಅದು 41.9 ಲಕ್ಷಕ್ಕೆ ಇಳಿದಿತ್ತು. ನಡುವೆ ಬಂದುಹೋದದ್ದು 1876-78ರ ಘೋರ ಕ್ಷಾಮ. ಅದರ ನೆನಪು ಇನ್ನೂ ಹಸಿಯಾಗಿದ್ದಾಗಲೇ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಏರ್ಪಡಿಸಿದರು. 1881ರ ಅಕ್ಟೋಬರ್ 7ರಂದು ಮೈಸೂರಿನಲ್ಲಿ 144 ಪ್ರತಿನಿಧಿಗಳು ಕೂಡಿದರು. ಪ್ರತಿ ತಾಲ್ಲೂಕಿನಿಂದ ಒಬ್ಬರೋ ಇಬ್ಬರೋ ಭೂಹಿಡುವಳಿದಾರರು, ಜಿಲ್ಲೆಗೆ ಮೂರು ನಾಲ್ಕು ಜನ ವರ್ತಕರು ಎಂಬುದು ಏರ್ಪಾಡು. ಆ ಸಭೆಗೆ ಮತ ಹಾಕಿ ನಿರ್ಣಯಿಸುವ ಅಧಿಕಾರವಿರಲಿಲ್ಲ. ಅಹವಾಲು ಹೇಳುವುದು, ಸರ್ಕಾರದ ಉತ್ತರ ಕೇಳುವುದು, ಇಷ್ಟೇ. ಅಧಿಕಾರವಿಲ್ಲದವನಿಗೆ ಮಾತೇ ಬಲ. ಹೀಗಾಗಿ ತನ್ನ ತಾಲ್ಲೂಕಿನ ಕಷ್ಟವನ್ನು ದಿವಾನರಿಗೆ ಮನಗಾಣಿಸುವಂತೆ ಹೇಳುವುದು ರೈತಪ್ರತಿನಿಧಿಗೆ ಅನಿವಾರ್ಯವಾಯಿತು.

ಇದಕ್ಕಿಂತ ದೊಡ್ಡ ಪರೀಕ್ಷೆ ಬಂದದ್ದು ರಾಜ್ಯಗಳ ಪುನರ್ವಿಂಗಡಣೆಯ ಕಾಲದಲ್ಲಿ. ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ. ಎಂ. ಪಣಿಕ್ಕರ್ ಇವರನ್ನೊಳಗೊಂಡ ಆಯೋಗವು 1953ರ ಡಿಸೆಂಬರಿನಲ್ಲಿ ನೇಮಕವಾಗಿ 1955ರ ಸೆಪ್ಟೆಂಬರಿನಲ್ಲಿ ವರದಿ ಸಲ್ಲಿಸಿತು. ದೇಶದ ಎಲ್ಲೆಡೆಯಿಂದ ಅದಕ್ಕೆ ತಲುಪಿದ ಕಾಗದಪತ್ರಗಳು 1,52,250. ಅವುಗಳಲ್ಲಿ ಬಹುಭಾಗ ತಂತಿಗಳು, ಅಚ್ಚು ಹಾಕಿಸಿದ ಠರಾವುಗಳು. ವಿಚಾರಪೂರ್ಣವಾದ ಮನವಿಗಳು ಸುಮಾರು 2,000ವನ್ನು ಮೀರಲಿಲ್ಲವೆಂದು ಆಯೋಗವೇ ದಾಖಲಿಸಿದೆ. ನೂರಕ್ಕೆ ಎರಡೂ ಇಲ್ಲ! ಉಳಿದವು ಜನರ ಇಚ್ಛೆಯನ್ನು ತಿಳಿಸಿದವೇ ಹೊರತು ಆ ಇಚ್ಛೆಗೆ ಆಧಾರವೇನೆಂಬುದನ್ನು ತಿಳಿಸಲಿಲ್ಲ. ಸಹಿಗಳ ಕಟ್ಟು ದಪ್ಪವಾದಷ್ಟೂ ಮನವಿಗೆ ತೂಕ ಹೆಚ್ಚೆಂಬ ನಂಬಿಕೆ ಇಂದಿಗೂ ನಮ್ಮಲ್ಲಿ ಹೋಗಿಲ್ಲ.

ಅದೇ ಆಯೋಗವು ಬಳ್ಳಾರಿ, ಹೊಸಪೇಟೆ, ಸಿರುಗುಪ್ಪ ತಾಲ್ಲೂಕುಗಳು ಆಂಧ್ರಕ್ಕೆ ಸೇರಬೇಕೆಂದು ಶಿಫಾರಸು ಮಾಡಿತ್ತೆಂಬುದನ್ನು ಇಲ್ಲಿ ನೆನೆಯಬೇಕು. ಭಾಷೆಯೊಂದೇ ಅಳತೆಯಾಗಲಿಲ್ಲ, ತುಂಗಭದ್ರಾ ಯೋಜನೆಯ ನೀರಿನ ಪ್ರಶ್ನೆಯೂ ತಕ್ಕಡಿಗೆ ಬಂದಿತು. ಆ ಶಿಫಾರಸು ಜಾರಿಗೆ ಬರಲಿಲ್ಲ; 1956ರಲ್ಲಿ ಆ ತಾಲ್ಲೂಕುಗಳು ಮೈಸೂರಿನಲ್ಲೇ ಉಳಿದವು. ಆದರೂ ಓದುಗರು ಗಮನಿಸಬೇಕಾದ ಅಂಶವೊಂದಿದೆ: ನಮಗೆ ಸ್ವತಃಸಿದ್ಧವೆಂದು ತೋರುವುದು ತೀರ್ಮಾನಿಸುವವನಿಗೆ ಹಾಗೆ ತೋರಬೇಕಾಗಿಲ್ಲ.

ಈಗ ಮಧುಗಿರಿಯ ವಿಷಯಕ್ಕೆ ಬರೋಣ. ಸಂಸ್ಕೃತ ಪಾಠಶಾಲೆಯಲ್ಲಿ ಕಲಿತವರಿಗೆ ಶಾಸ್ತ್ರದ ಕ್ರಮ ಗೊತ್ತು. ಮೊದಲು ವಿಷಯ, ಬಳಿಕ ಸಂಶಯ, ಆಮೇಲೆ ಪೂರ್ವಪಕ್ಷ, ಅದನ್ನು ಪರಿಹರಿಸಿದ ಮೇಲೆಯೇ ಸಿದ್ಧಾಂತ. ನಮ್ಮ ಮನವಿಗಳು ಸಾಮಾನ್ಯವಾಗಿ ಸಿದ್ಧಾಂತದಿಂದ ಆರಂಭವಾಗಿ ಸಿದ್ಧಾಂತದಲ್ಲೇ ಮುಗಿಯುತ್ತವೆ. ಪೂರ್ವಪಕ್ಷವನ್ನು ಬರೆದರೆ ಎದುರಾಳಿಗೆ ಬಲ ಕೊಟ್ಟಂತೆ ಎಂಬ ಅಂಜಿಕೆ ಇದಕ್ಕೆ ಕಾರಣ. ಅದು ತಪ್ಪು ಎಣಿಕೆ. ನಾವು ಬರೆಯದಿದ್ದರೆ ಆ ಆಕ್ಷೇಪ ಅಧಿಕಾರಿಯ ಮನಸ್ಸಿನಲ್ಲಿ ಉತ್ತರವಿಲ್ಲದೆ ಉಳಿಯುತ್ತದೆ.

ಆಕ್ಷೇಪಗಳಾದರೂ ಎಂಥವು? ಶಿರಾದವರನ್ನು ಕೇಳಿ ನೋಡಿ. ಅವರ ಊರು ರಾಷ್ಟ್ರೀಯ ಹೆದ್ದಾರಿಯ ಮೇಲಿದೆ. ಬಸ್ಸು ಹತ್ತಿದರೆ ನೇರವಾಗಿ ತುಮಕೂರು. ಹೆದ್ದಾರಿಯನ್ನು ಬಿಟ್ಟು ಮಧುಗಿರಿಗೆ ತಾವೇಕೆ ಹೋಗಬೇಕು, ಜಿಲ್ಲೆಯಾಗುವುದಾದರೆ ಶಿರಾವೇ ಕೇಂದ್ರವಾಗಲಿ ಎಂದು ಅವರು ಹೇಳಿದರೆ ಅದು ಹಟದ ಮಾತಲ್ಲ. ಕೊರಟಗೆರೆಗಂತೂ ತುಮಕೂರು ಬಲು ಸಮೀಪ. ಹೊಸ ಕಛೇರಿಗಳ ಖರ್ಚಿಗಿಂತ ಆ ಹಣದಲ್ಲಿ ಕೆರೆ ತುಂಬಿಸುವುದು ಮೇಲು ಎನ್ನುವವರೂ ಇದ್ದಾರೆ. ಬರದ ಸೀಮೆಯಲ್ಲಿ ಈ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು.

ಪಾವಗಡದ ಸ್ಥಿತಿ ಬೇರೆ. ಆ ತಾಲ್ಲೂಕನ್ನು ಬಹುತೇಕ ಎಲ್ಲ ಕಡೆಯಿಂದಲೂ ಆಂಧ್ರಪ್ರದೇಶ ಸುತ್ತುವರಿದಿದೆ. ಚಿತ್ರದುರ್ಗ ಜಿಲ್ಲೆಯ ಕಡೆಗೆ ಮಾತ್ರ ನಮ್ಮ ನಾಡಿನೊಡನೆ ನಂಟು. ಮಧುಗಿರಿಯಿಂದ ಹೊರಟ ಬಸ್ಸು ಮಡಕಶಿರಾ ಸೀಮೆಯ ಆಂಧ್ರದ ನೆಲವನ್ನು ದಾಟಿಯೇ ಪಾವಗಡವನ್ನು ಸೇರುತ್ತದೆ. ಜಿಲ್ಲಾಧಿಕಾರಿಯ ಕಛೇರಿಗೆ ಸುಮಾರು ನೂರು ಕಿಲೋಮೀಟರು. ನಾನು ಬರೆಯುವುದಾದರೆ ಮನವಿಯ ಮೊದಲ ಪುಟಕ್ಕೆ ಈ ಪ್ರಯಾಣವನ್ನೇ ತರುತ್ತೇನೆ: ಬೆಳಗಿನ ಯಾವ ಬಸ್ಸು, ಎಷ್ಟು ಛಾರ್ಜು, ಒಂದು ಸಹಿಗೆ ಎಷ್ಟು ದಿನದ ಕೂಲಿ ನಷ್ಟ. ಊರೂರಿಗೆ ಹೋಗಿ ಕೇಳಿದರೆ ಈ ಲೆಕ್ಕ ಒಂದು ವಾರದಲ್ಲಿ ಸಿದ್ಧವಾಗುತ್ತದೆ. ಮಧುಗಿರಿಯ ಏಕಶಿಲಾ ಬೆಟ್ಟ, ಶಿರಾದ ಮೊಗಲ್ ಸುಬಾ ಇವೆಲ್ಲ ನಮಗೆ ಅಭಿಮಾನದ ವಿಷಯಗಳೇ. ಆದರೆ ಅವು ಕಛೇರಿಯ ದೂರವನ್ನು ಹೇಳುವುದಿಲ್ಲ.

ಅಂಕಿಗಳಿಗೆ ಕೊರತೆಯಿಲ್ಲ. 2002ರಲ್ಲಿ ವರದಿ ಕೊಟ್ಟ ಡಾ. ಡಿ. ಎಂ. ನಂಜುಂಡಪ್ಪ ಸಮಿತಿಯು 35 ಸೂಚ್ಯಂಕಗಳಿಂದ ಅಳೆದು ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಪಾವಗಡ, ಶಿರಾ, ಮಧುಗಿರಿಗಳು ಆ ಪಟ್ಟಿಯಲ್ಲಿವೆ. ಆ ವರದಿ ಇಂದಿಗೂ ಉಲ್ಲೇಖಗೊಳ್ಳುವುದು ಅದರ ಅಳತೆ ಎಲ್ಲ ತಾಲ್ಲೂಕಿಗೂ ಒಂದೇ ಆಗಿದ್ದುದರಿಂದ. ಜನಸಂಖ್ಯೆ ಸಾಲದೆಂದು ಯಾರಾದರೂ ಹೇಳಿದರೆ, 2011ರ ಗಣತಿಯಂತೆ ಕೊಡಗು ಜಿಲ್ಲೆಯದು ಐದೂವರೆ ಲಕ್ಷ. ನಮ್ಮ ನಾಲ್ಕು ತಾಲ್ಲೂಕುಗಳದು ಅದಕ್ಕಿಂತ ಬಹಳ ಹೆಚ್ಚು. ನೆರೆಯ ಆಂಧ್ರವು 2022ರಲ್ಲಿ 13 ಜಿಲ್ಲೆಗಳನ್ನು 26 ಮಾಡಿತು. ಮಡಕಶಿರಾ ಈಗ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಅವರು ಮಾಡಿದರು, ನಾವೂ ಮಾಡಬೇಕು ಎಂದರೆ ವಾದವಾಗದು. ಮಡಕಶಿರಾದ ರೈತನಿಗೆ ಅದರಿಂದ ಏನು ಸುಲಭವಾಯಿತೆಂದು ಹೋಗಿ ಕೇಳಿ ಬರೆದರೆ ಆಗುತ್ತದೆ.

ಕಡೆಗೆ ಬೇಡಿಕೆಯ ಮಾತು. ಜಿಲ್ಲೆಯ ಕೇಂದ್ರ ಯಾವುದು, ಶಿರಾ ಒಪ್ಪದಿದ್ದರೆ ಉಳಿದ ಮೂರು ತಾಲ್ಲೂಕುಗಳು ಸಾಲುವುವೇ, ಜಿಲ್ಲೆಯಾಗುವವರೆಗೆ ಪಾವಗಡಕ್ಕೆ ಯಾವ ಕಛೇರಿಗಳು ಬೇಕು, ಇವನ್ನು ಬಿಡಿಸಿ ಬರೆಯಬೇಕು. ವಿಜಯನಗರ ಜಿಲ್ಲೆಯ ವಿಷಯದಲ್ಲಿ ಸರ್ಕಾರವು 2020ರ ಡಿಸೆಂಬರಿನಲ್ಲಿ ಕರಡು ಅಧಿಸೂಚನೆ ಹೊರಡಿಸಿ, ಆಕ್ಷೇಪಣೆಗಳನ್ನು ಆಹ್ವಾನಿಸಿ, 2021ರ ಫೆಬ್ರವರಿಯಲ್ಲಿ ಅಂತಿಮ ಅಧಿಸೂಚನೆ ಪ್ರಕಟಿಸಿತು. ನಮ್ಮ ಸೀಮೆಗೂ ಅಂಥ ಕರಡು ಬಂದಲ್ಲಿ ಶಿರಾದ ಆಕ್ಷೇಪವೂ ಮಧುಗಿರಿಯ ಮನವಿಯೂ ಒಂದೇ ಮೇಜಿನ ಮೇಲೆ ಇರುತ್ತವೆ. ಎರಡನ್ನೂ ಬರೆಯುವವರು ಬಹುಶಃ ತಮ್ಮಲ್ಲಿಯೇ ಇದ್ದೀರಿ.