ಸವೆದ ಬ್ಯಾಟರಿಯ ಬೆಲೆ

ಗಾಡಿಯ ಬೆಲೆ ಬೇರೆ, ಎತ್ತಿನ ಬೆಲೆ ಬೇರೆ ಎಂಬುದನ್ನು ನಮ್ಮ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಳ್ಳೆಯ ಮರದಿಂದ ಮಾಡಿದ ಗಾಡಿ ಇಪ್ಪತ್ತು ವರ್ಷ ಬಾಳೀತು. ಅದನ್ನು ಎಳೆಯುವ ಎತ್ತುಗಳು ಅಷ್ಟು ಕಾಲ ದುಡಿಯಲಾರವು. ಆದುದರಿಂದ ಜೋಡಿಗೆ ಮುಪ್ಪು ಬರುವ ಮೊದಲೇ ಹೊಸ ಜೋಡಿಯ ಹಣವನ್ನು ಹೊಂದಿಸಿಕೊಳ್ಳುವುದು ಒಕ್ಕಲುತನದ ಲೆಕ್ಕದಲ್ಲಿಯೇ ಸೇರಿತ್ತು. ವಿದ್ಯುಚ್ಛಕ್ತಿಯಿಂದ ಓಡುವ ಕಾರಿನ ವಿಚಾರವೂ ಹೀಗೆಯೇ. ಅದರ ಮೈ, ಚಕ್ರ, ಮೋಟಾರುಗಳು ಗಾಡಿ, ಬ್ಯಾಟರಿಯೇ ಎತ್ತು. ಆದರೆ ಅಂಗಡಿಯಲ್ಲಿ ಎರಡಕ್ಕೂ ಕೂಡಿಸಿ ಒಂದೇ ಬೆಲೆ ಹೇಳುವುದರಿಂದ, ಕೊಳ್ಳುವವನಿಗೆ ಎತ್ತಿನ ಮುಪ್ಪು ನೆನಪಾಗುವುದು ಬಹಳ ತಡವಾಗಿ.

ಬೆಂಗಳೂರಿನ ಪಶ್ಚಿಮ ದಿಕ್ಕಿನ ಕುರುಬರಹಳ್ಳಿಯನ್ನೇ ನೋಡಿ. ಹೆಸರೇ ಹೇಳುವಂತೆ ಅದು ಒಂದು ಕಾಲದ ಹಳ್ಳಿ. ರಾಜಾಜಿನಗರ, ಮಹಾಲಕ್ಷ್ಮಿ ಬಡಾವಣೆ, ಬಸವೇಶ್ವರನಗರಗಳು ಸುತ್ತಲೂ ಬೆಳೆದು ಅದನ್ನು ಪಟ್ಟಣದೊಳಕ್ಕೆ ಸೇರಿಸಿಕೊಂಡವು. ಅಲ್ಲಿಯ ಬೀದಿಗಳಲ್ಲಿ ಹಸುರು ಫಲಕದ ವಾಹನಗಳು ಈಗ ಅಪರೂಪವಲ್ಲ. ಪೆಟ್ರೋಲಿನ ಖರ್ಚು ಉಳಿಯಿತೆಂದು ಮನೆಯ ಯಜಮಾನನಿಗೆ ಸಂತೋಷ, ಆದರೆ ಮನೆಯಾಕೆ ಕೇಳುವ ಪ್ರಶ್ನೆ ಬೇರೆ: “ಎಲ್ಲ ಸರಿ, ಬ್ಯಾಟರಿ ಹೋದರೆ ಏನು ಗತಿ?” ಇದು ಹೊಸ ಕಾಲದ ಪ್ರಶ್ನೆಯೆಂದು ಅನೇಕರು ಭಾವಿಸುತ್ತಾರೆ. ಹಾಗಲ್ಲ. ಈ ಪ್ರಶ್ನೆಗೆ ನೂರು ವರ್ಷಕ್ಕೂ ಮಿಕ್ಕ ಇತಿಹಾಸವಿದೆ. ಅದರ ಒಂದು ಮುಖ್ಯ ಅಧ್ಯಾಯ ನಮ್ಮ ಬೆಂಗಳೂರಿನಲ್ಲಿಯೇ ನಡೆದಿದೆ.

ಮತ್ತೆ ಮತ್ತೆ ವಿದ್ಯುತ್ತನ್ನು ತುಂಬಿಸಿಕೊಳ್ಳಬಲ್ಲ ಸೀಸ ಮತ್ತು ಆಮ್ಲದ ಬ್ಯಾಟರಿಯನ್ನು ಫ್ರಾನ್ಸಿನ ಗಾಸ್ತೋಂ ಪ್ಲಾಂಟೆ ನಿರ್ಮಿಸಿದ್ದು 1859ರಲ್ಲಿ. 1881ರಲ್ಲಿ ಕಮೀಲ್ ಫೋರ್ ಅದನ್ನು ಸುಧಾರಿಸಿ, ಕಾರ್ಖಾನೆಯಲ್ಲಿ ತಯಾರಿಸಲು ತಕ್ಕುದಾಗಿ ಮಾಡಿದ. ಸೀಸದ ಫಲಕಗಳು ಗಂಧಕಾಮ್ಲದಲ್ಲಿ ಮುಳುಗಿರುತ್ತವೆ. ಶಕ್ತಿ ಹೊರಗೆ ಹರಿದಂತೆಲ್ಲ ಫಲಕಗಳ ಮೇಲೆ ಸೀಸದ ಸಲ್ಫೇಟು ಕಟ್ಟುತ್ತದೆ. ಮರಳಿ ವಿದ್ಯುತ್ತನ್ನು ಹರಿಸಿದಾಗ ಅದು ಕರಗಿ ಹಿಂದಿನ ಸ್ಥಿತಿಗೆ ಬರುತ್ತದೆ. ಆದರೆ ಪೂರ್ತಿಯಾಗಿ ಅಲ್ಲ. ಪ್ರತಿ ಸುತ್ತಿನಲ್ಲಿಯೂ ಒಂದಿಷ್ಟು ಹಿಂದೆ ಉಳಿಯುತ್ತದೆ. ಬರಿದಾದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ಆ ಪದರ ಗಟ್ಟಿಯಾಗಿ, ಮರಳಿ ಕರಗುವುದೇ ಇಲ್ಲ. ಎಂದರೆ, ಬ್ಯಾಟರಿಯ ಸಾವು ಯಾವುದೋ ಒಂದು ದಿನ ಬಂದೆರಗುವ ಅಪಘಾತವಲ್ಲ. ಕೊಂಡ ದಿನದಿಂದಲೇ ತೊಡಗುವ ನಿಧಾನವಾದ ಸವೆತ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಪಟ್ಟಣಗಳಲ್ಲಿ ವಿದ್ಯುತ್ ಕಾರುಗಳು ಬಹಳವಾಗಿ ಓಡಾಡುತ್ತಿದ್ದವು. ಹೊಗೆಯಿಲ್ಲ, ಸದ್ದಿಲ್ಲ, ಕೈಯಿಂದ ತಿರುಗಿಸಿ ಹೊರಡಿಸುವ ಕಷ್ಟವಿಲ್ಲ. ಅವುಗಳ ಪೈಕಿ ಹೆಸರಾದ ಡೆಟ್ರಾಯಿಟ್ ಎಲೆಕ್ಟ್ರಿಕ್ 1907ರಲ್ಲಿ ತಯಾರಾಗತೊಡಗಿತು. ಸೀಸದ ಬ್ಯಾಟರಿಗೆ ಬದಲಾಗಿ ಥಾಮಸ್ ಎಡಿಸನ್ ರೂಪಿಸಿದ, ಹೆಚ್ಚು ಕಾಲ ಬಾಳುವ ನಿಕ್ಕಲ್ ಮತ್ತು ಕಬ್ಬಿಣದ ಬ್ಯಾಟರಿ ಬೇಕೆಂದವರು 1911ರ ನಂತರ 600 ಡಾಲರು ಹೆಚ್ಚಾಗಿ ತೆರಬೇಕಾಗಿತ್ತು. ಅತ್ತ ಹೆನ್ರಿ ಫೋರ್ಡನ ಮಾಡೆಲ್ ಟಿ ಪೆಟ್ರೋಲ್ ಕಾರು 1916ರ ಹೊತ್ತಿಗೆ 360 ಡಾಲರಿಗೆ ಇಳಿದಿತ್ತು. ಬಾಳಿಕೆಯ ಬ್ಯಾಟರಿಗಾಗಿ ಕೊಡಬೇಕಾದ ಹೆಚ್ಚುವರಿ ಹಣಕ್ಕಿಂತ ಇಡೀ ಫೋರ್ಡ್ ಕಾರೇ ಅಗ್ಗವಾದ ಮೇಲೆ ಜನ ಯಾವುದನ್ನು ಆರಿಸಿಕೊಂಡರೆಂದು ಬೇರೆ ಹೇಳಬೇಕಾಗಿಲ್ಲ.

ಆ ದಿನಗಳಲ್ಲಿಯೂ ಬೇರೆ ದಾರಿಯನ್ನು ಯೋಚಿಸಿದವರಿದ್ದರು. ಅಮೆರಿಕದ ಹಾರ್ಟ್‌ಫರ್ಡ್ ಪಟ್ಟಣದ ವಿದ್ಯುತ್ ಕಂಪನಿಯೊಂದು 1910ರಿಂದ 1924ರ ವರೆಗೆ ಒಂದು ವ್ಯವಸ್ಥೆಯನ್ನು ನಡೆಸಿತು. ಗಿರಾಕಿಯು ಬ್ಯಾಟರಿಯಿಲ್ಲದ ವಾಹನವನ್ನು ಕೊಳ್ಳಬೇಕು, ಬ್ಯಾಟರಿ ಕಂಪನಿಯದು. ಬರಿದಾದದ್ದನ್ನು ಕೊಟ್ಟು ತುಂಬಿದ್ದನ್ನು ಪಡೆಯಬೇಕು. ತಿಂಗಳಿಗಿಷ್ಟು ಎಂದು ಒಂದು ಸೇವಾಶುಲ್ಕ, ಓಡಿದ ಮೈಲಿಗಿಷ್ಟು ಎಂದು ಬಾಡಿಗೆ. ಮುಖ್ಯವಾಗಿ ಸರಕು ಗಾಡಿಗಳಿಗಾಗಿ ನಡೆದ ಈ ಏರ್ಪಾಡಿನಲ್ಲಿ ವಾಹನಗಳು ಒಟ್ಟು 60 ಲಕ್ಷ ಮೈಲಿಗೂ ಮೀರಿ ಓಡಿದವು. ಇದರಲ್ಲಿ ಹೊಸ ರಸಾಯನಶಾಸ್ತ್ರವೇನೂ ಇರಲಿಲ್ಲ. ಸವೆತದ ಹೊರೆ ಗಾಡಿಯವನ ಹೆಗಲಿನಿಂದ ಕಂಪನಿಯ ಹೆಗಲಿಗೆ ಹೋಯಿತು, ಅಷ್ಟೆ. ಆದರೆ ಆ ಒಂದು ಬದಲಾವಣೆಯಿಂದಲೇ ಗಾಡಿಯವನು ನಿಶ್ಚಿಂತನಾದ.

ಆ ಬಳಿಕ ಪೆಟ್ರೋಲಿನ ಯುಗ ಬಲವಾಯಿತು. ವಿಚಿತ್ರವೆಂದರೆ, ಆ ಜಯಕ್ಕೆ ನೆರವಾದದ್ದೂ ಬ್ಯಾಟರಿಯೇ! 1912ರ ಕ್ಯಾಡಿಲಾಕ್ ಕಾರಿಗೆ ವಿದ್ಯುತ್ ಸ್ಟಾರ್ಟರು ಬಂದಿತು. ಇಡೀ ಕಾರನ್ನು ಎಳೆಯಲಾರದೆ ಸೋತ ಬ್ಯಾಟರಿ, ಎಂಜಿನ್ನನ್ನು ಎಬ್ಬಿಸುವ ಸಣ್ಣ ಚಾಕರಿಗೆ ನಿಂತಿತು. ನಮ್ಮ ನಾಡಿನಲ್ಲಿ ತಂತಿ ತಲಪದ ಊರುಗಳ ರೇಡಿಯೊಗಳಿಗೂ ಬ್ಯಾಟರಿಯೇ ಜೀವವಾಗಿತ್ತು. ರೇಡಿಯೊ ಕೊಳ್ಳುವುದಕ್ಕಿಂತ ಅದಕ್ಕೆ ಬ್ಯಾಟರಿ ಹಾಕಿಸುತ್ತ ಹೋಗುವುದೇ ಕಷ್ಟವೆಂಬ ಮಾತು ಹಳೆಯ ಕೇಳುಗರಿಗೆ ಅಪರಿಚಿತವಲ್ಲ.

ಇನ್ನು ಬೆಂಗಳೂರಿನ ಕಥೆ. 1994ರಲ್ಲಿ ಇಲ್ಲಿಯ ಮೈನಿ ಬಳಗವೂ ಅಮೆರಿಕದ ಅಮೆರಿಗಾನ್ ಸಂಸ್ಥೆಯೂ ಸೇರಿ ರೇವಾ ಎಲೆಕ್ಟ್ರಿಕ್ ಕಾರ್ ಕಂಪನಿಯನ್ನು ಸ್ಥಾಪಿಸಿದವು. ಅದರ ಹಿಂದಿದ್ದ ತರುಣ ಎಂಜಿನಿಯರು ಚೇತನ್ ಮೈನಿ. ಕಾರ್ಖಾನೆ ಬೊಮ್ಮಸಂದ್ರದಲ್ಲಿ, ಕುರುಬರಹಳ್ಳಿಯಿಂದ ಹೊರಟರೆ ಪಟ್ಟಣವನ್ನು ಅಡ್ಡಲಾಗಿ ದಾಟಿ ಸುಮಾರು 30 ಕಿಲೊಮೀಟರು. 2001ರಲ್ಲಿ ರೇವಾ ಕಾರು ರಸ್ತೆಗೆ ಇಳಿಯಿತು. ಎರಡು ಬಾಗಿಲಿನ ಪುಟ್ಟ ಗಾಡಿ. ಸೀಟಿನ ಕೆಳಗೆ ಆರು ವೋಲ್ಟಿನ ಎಂಟು ಸೀಸದ ಬ್ಯಾಟರಿಗಳು. ಮನೆಯ ಹದಿನೈದು ಆಂಪಿಯರಿನ ಪ್ಲಗ್ಗಿಗೆ ಸಿಕ್ಕಿಸಿದರೆ ಎಂಟು ಗಂಟೆಗಳಲ್ಲಿ ತುಂಬುತ್ತಿತ್ತು. ತುಂಬಿದರೆ ಸುಮಾರು 80 ಕಿಲೊಮೀಟರು ಓಡುವುದೆಂದು ಕಂಪನಿಯ ಹೇಳಿಕೆ. 2004ರಿಂದ ಇದೇ ಕಾರು ಜಿ-ವಿಜ್ ಎಂಬ ಹೆಸರಿನಲ್ಲಿ ಲಂಡನ್ನಿನಲ್ಲಿ ಮಾರಾಟವಾಯಿತು. ಪಟ್ಟಣದ ನಡುಭಾಗಕ್ಕೆ ಬರುವ ವಾಹನಗಳ ಮೇಲೆ ಅಲ್ಲಿ 2003ರಲ್ಲಿ ಹೇರಿದ್ದ ಸುಂಕದಿಂದ ವಿದ್ಯುತ್ ಕಾರುಗಳಿಗೆ ವಿನಾಯಿತಿ ಇದ್ದುದು ಅದಕ್ಕೆ ಅನುಕೂಲವಾಯಿತು.

ರೇವಾ ಕೊಂಡವರು ಎತ್ತಿನ ಲೆಕ್ಕವನ್ನು ಅನುಭವದಿಂದ ಕಲಿತರು. ಸೀಸದ ಬ್ಯಾಟರಿಗಳಿಗೆ ಆಗಾಗ ಭಟ್ಟಿ ಇಳಿಸಿದ ನೀರು ಹಾಕಬೇಕು. ಪೂರ್ತಿ ಬರಿದಾಗಲು ಬಿಡಬಾರದು. ಎಷ್ಟು ಜೋಪಾನ ಮಾಡಿದರೂ ಮೂರು-ನಾಲ್ಕು ವರ್ಷಗಳಲ್ಲಿ ಬದಲಾಯಿಸುವ ಕಾಲ ಬರುತ್ತಿತ್ತು. ಎಂಟರಲ್ಲಿ ಒಂದು ಸೋತರೂ ಸಾಲಿನ ಉಳಿದವುಗಳಿಗೆ ಆಯಾಸ. ಜೋಡೆತ್ತಿನಲ್ಲಿ ಒಂದು ಕುಂಟಿದಂತೆ. ಒಂದೇ ಬಾರಿಗೆ ಎಂಟನ್ನೂ ಬದಲಿಸುವ ಹಣ ಕೈಯಲ್ಲಿಲ್ಲದೆ ಹೋದರೆ ಕಾರು ಮನೆಯ ಮುಂದೆ ನಿಲ್ಲುವುದೇ ಸರಿ. ಆದರೂ ಒಂದು ಸಮಾಧಾನವಿತ್ತು: ಹಳೆಯ ಸೀಸಕ್ಕೆ ಬೆಲೆಯುಂಟು. ಹಳೆಯ ಬ್ಯಾಟರಿಯನ್ನು ವ್ಯಾಪಾರಿಯೇ ಮರಳಿ ಪಡೆಯಬೇಕೆಂಬ ನಿಯಮವೂ ನಮ್ಮ ದೇಶದಲ್ಲಿ ಅದೇ 2001ರಲ್ಲಿ ಬಂದಿತು.

2010ರಲ್ಲಿ ಮಹೀಂದ್ರ ಸಂಸ್ಥೆಯು ರೇವಾದ ಬಹುಪಾಲನ್ನು ಕೊಂಡಿತು. 2013ರಲ್ಲಿ ಬಂದ ಇ-ಟು-ಒ ಎಂಬ ಕಾರಿನಲ್ಲಿ ಸೀಸದ ಸ್ಥಾನಕ್ಕೆ ಲಿಥಿಯಂ ಬ್ಯಾಟರಿ ಬಂದಿತು. ಲಿಥಿಯಂ ಹಗುರ, ಹೆಚ್ಚು ವರ್ಷ ಬಾಳುತ್ತದೆ, ನೀರಿನ ಉಪಚಾರ ಬೇಡ. ಆದರೆ ಬೆಲೆ ಹೆಚ್ಚು. ಆಗ ಕಂಪನಿಯವರು ಹಾರ್ಟ್‌ಫರ್ಡಿನ ಹಳೆಯ ದಾರಿಯನ್ನೇ ಹೋಲುವ ಉಪಾಯವೊಂದನ್ನು ಮಾಡಿದರು. 2014ರಲ್ಲಿ ಕಾರಿನ ಬೆಲೆಯಿಂದ ಬ್ಯಾಟರಿಯ ಭಾಗವನ್ನು ತೆಗೆದು, ಅದಕ್ಕೆ ತಿಂಗಳಿಗೆ 2,599 ರೂಪಾಯಿಯಂತೆ ಐದು ವರ್ಷ ಶುಲ್ಕ ಕಟ್ಟುವ ಏರ್ಪಾಡನ್ನು ಗಿರಾಕಿಗಳ ಮುಂದಿಟ್ಟರು. ಐದು ವರ್ಷಕ್ಕೆ ಕೂಡಿಸಿದರೆ ಅದು 1,55,940 ರೂಪಾಯಿ. ಗಾಡಿಯ ಬೆಲೆ ಇಷ್ಟು, ಎತ್ತಿನ ಬೆಲೆ ಇಷ್ಟು ಎಂದು ಬೇರೆ ಬೇರೆಯಾಗಿ ಗಿರಾಕಿಯ ಕಣ್ಣಿಗೆ ಬಿತ್ತು. ಆ ಕಾರು ಹೆಚ್ಚು ಕಾಲ ಮಾರುಕಟ್ಟೆಯಲ್ಲಿ ಉಳಿಯಲಿಲ್ಲ. ಆದರೆ ಆ ಲೆಕ್ಕದ ರೀತಿ ಉಳಿಯಿತು.

ಈ ನಡುವೆ ಬ್ಯಾಟರಿಯ ಬೆಲೆ ಆಶ್ಚರ್ಯವಾಗುವಷ್ಟು ಇಳಿಯಿತು. 2010ರಲ್ಲಿ ಒಂದು ಯೂನಿಟ್ ವಿದ್ಯುತ್ತನ್ನು ಹಿಡಿದಿಡುವಷ್ಟು ಲಿಥಿಯಂ ಬ್ಯಾಟರಿಗೆ ಜಗತ್ತಿನ ಸರಾಸರಿ ಬೆಲೆ ಸಾವಿರ ಡಾಲರಿಗೂ ಹೆಚ್ಚಾಗಿತ್ತು. 2024ರಲ್ಲಿ ಅದು 115 ಡಾಲರಿಗೆ ಬಂದಿತು. ಮೂವತ್ತು ಯೂನಿಟ್ ಹಿಡಿಯುವ ಕಾರಿನ ಬ್ಯಾಟರಿಯನ್ನು ಲೆಕ್ಕ ಹಾಕಿದರೆ, 2010ರಲ್ಲಿ 30,000 ಡಾಲರಿಗೂ ಮಿಕ್ಕಿದ್ದು 2024ರಲ್ಲಿ 3,450 ಡಾಲರು; ಎಂದರೆ ಮೂರು ಲಕ್ಷ ರೂಪಾಯಿಯ ಆಸುಪಾಸು. ಆದರೆ ಇದು ಕಾರ್ಖಾನೆಯ ಮಟ್ಟದ ಬೆಲೆ ಎಂಬುದನ್ನು ಮರೆಯಬಾರದು. ಬಿಡಿಯಾಗಿ ಕೊಳ್ಳುವವನಿಗೆ ಸಾಗಾಣಿಕೆ, ಜೋಡಣೆಯ ಕೂಲಿ, ವ್ಯಾಪಾರಿಯ ಲಾಭ ಎಲ್ಲವೂ ಸೇರುತ್ತವೆ.

ತೆರಿಗೆಯೂ ಸೇರುತ್ತದೆ. ವಿದ್ಯುತ್ ಕಾರನ್ನು ಬ್ಯಾಟರಿಯೊಡನೆ ಕೊಂಡರೆ 2019ರ ಆಗಸ್ಟ್‌ನಿಂದ ಸರಕು ಸೇವಾ ತೆರಿಗೆ ಶೇಕಡ 5. ಲಿಥಿಯಂ ಬ್ಯಾಟರಿಯನ್ನು ಪ್ರತ್ಯೇಕವಾಗಿ ಕೊಂಡರೆ 2018ರ ಜುಲೈಯಿಂದ ಶೇಕಡ 18. ಮೂರು ಲಕ್ಷದ ಬ್ಯಾಟರಿಗೆ ಮೊದಲ ಲೆಕ್ಕದಲ್ಲಿ 15,000 ರೂಪಾಯಿ, ಎರಡನೆಯದರಲ್ಲಿ 54,000 ರೂಪಾಯಿ. ಹೊಸ ಕಾರು ಕೊಳ್ಳುವವನಿಗೆ ಸಿಗುವ ರಿಯಾಯಿತಿ, ಹಳೆಯ ಕಾರನ್ನೇ ಇನ್ನಷ್ಟು ವರ್ಷ ಓಡಿಸಬೇಕೆನ್ನುವವನಿಗೆ ಸಿಗುವುದಿಲ್ಲ. ಗಾಡಿಯನ್ನು ಉಳಿಸಿಕೊಂಡು ಎತ್ತನ್ನು ಮಾತ್ರ ಬದಲಿಸುವ ಮಿತವ್ಯಯಿಗೆ ಇದು ಪ್ರೋತ್ಸಾಹವಲ್ಲ.

2020ರ ಆಗಸ್ಟ್‌ನಲ್ಲಿ ಕೇಂದ್ರದ ಸಾರಿಗೆ ಸಚಿವಾಲಯವು ಬ್ಯಾಟರಿಯಿಲ್ಲದ ವಿದ್ಯುತ್ ವಾಹನಗಳನ್ನು ಮಾರುವುದಕ್ಕೂ ನೋಂದಾಯಿಸುವುದಕ್ಕೂ ಅವಕಾಶ ಕೊಟ್ಟಿತು. ಹಾರ್ಟ್‌ಫರ್ಡಿನಲ್ಲಿ ನೂರು ವರ್ಷದ ಹಿಂದೆ ವ್ಯವಹಾರವಾಗಿದ್ದುದು ಇಲ್ಲಿ ಹೀಗೆ ಕಾನೂನಿನ ಮಾತಾಯಿತು. ರೇವಾವನ್ನು ನಿರ್ಮಿಸಿದ ಚೇತನ್ ಮೈನಿಯವರೇ 2017ರಲ್ಲಿ ಸನ್ ಮೊಬಿಲಿಟಿ ಎಂಬ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದರು. ಬರಿದಾದ ಬ್ಯಾಟರಿಯನ್ನು ಕೊಟ್ಟು ತುಂಬಿದ್ದನ್ನು ಪಡೆಯುವುದೇ ಅದರ ವ್ಯವಸ್ಥೆ. 2024ರಲ್ಲಿ ಎಂಜಿ ಕಂಪನಿಯು ವಿಂಡ್ಸರ್ ಎಂಬ ಕಾರಿನ ಬ್ಯಾಟರಿಯನ್ನು ಕಿಲೊಮೀಟರಿಗೆ ಮೂರೂವರೆ ರೂಪಾಯಿಯ ಬಾಡಿಗೆಗೆ ಕೊಡುವುದಾಗಿ ಸಾರಿತು. ಅದೇ ವರ್ಷದ ಕೊನೆಗೆ ಮಹೀಂದ್ರ ಸಂಸ್ಥೆಯು ತನ್ನ ಹೊಸ ವಿದ್ಯುತ್ ಕಾರುಗಳ ಬ್ಯಾಟರಿಗೆ ಜೀವಿತಾವಧಿಯ ಭರವಸೆ ಕೊಟ್ಟಿತು. ಆದರೆ ಅದು ಮೊದಲ ಖಾಸಗಿ ಮಾಲೀಕನಿಗೆ.

ಮೊದಲ ಮಾಲೀಕನಿಗೆ ಎಂಬ ಆ ಮಾತನ್ನು ಗಮನಿಸಬೇಕು. ನಮ್ಮ ಊರುಗಳಲ್ಲಿ ಕಾರು ಒಂದೇ ಮನೆಯಲ್ಲಿ ಮುದಿಯಾಗುವುದು ಕಡಮೆ. ಅನುಕೂಲಸ್ಥರು ಕೊಳ್ಳುತ್ತಾರೆ, ಕೆಲವು ವರ್ಷ ಓಡಿಸುತ್ತಾರೆ, ಮಾರುತ್ತಾರೆ. ಅದು ಕುರುಬರಹಳ್ಳಿಯಂಥ ಬಡಾವಣೆಯ ಸಂಬಳದಾರನ ಮನೆಗೆ ಎರಡನೆಯ ಕೈಯಾಗಿ ಬರುತ್ತದೆ. ಪೆಟ್ರೋಲ್ ಕಾರಾದರೆ ಎಂಜಿನ್ನಿನ ಸದ್ದು ಕೇಳಿ ಮೇಸ್ತ್ರಿ ಒಂದು ಮಾತು ಹೇಳಿಯಾನು. ಬ್ಯಾಟರಿಗೆ ಸದ್ದಿಲ್ಲ. ಅದರ ಮುಪ್ಪು ಯಂತ್ರದ ಲೆಕ್ಕದಲ್ಲಿ ಮಾತ್ರ ಕಾಣಿಸುತ್ತದೆ. ಸವೆತದ ಹೊರೆಯನ್ನು ಯಾರೂ ಹೊರದೆ ಹೋದಾಗ, ಕೊನೆಗೆ ಅದು ಬಂದು ಕೂರುವುದು ಹೊರಲು ಎಲ್ಲರಿಗಿಂತ ಕಡಮೆ ಶಕ್ತಿಯುಳ್ಳವನ ಹೆಗಲ ಮೇಲೆ.

ಹಾಗೆಂದು ಭಯಪಡುವ ಕಾರಣವಿಲ್ಲ. “ಬ್ಯಾಟರಿ ಹೋಯಿತು” ಎಂಬ ಮಾತಿಗೆ ನಿಜವಾದ ಅರ್ಥವೇನು? ಲಿಥಿಯಂ ಬ್ಯಾಟರಿಯ ಭರವಸೆ ಪತ್ರಗಳಲ್ಲಿ ಸಾಮಾನ್ಯವಾಗಿ, ಹಿಡಿಯುವ ಶಕ್ತಿ ಮೂಲದ ಶೇಕಡ 70ಕ್ಕಿಂತ ಇಳಿಯಬಾರದೆಂದು ಬರೆದಿರುತ್ತದೆ. ಇನ್ನೂರು ಕಿಲೊಮೀಟರು ಓಡುತ್ತಿದ್ದ ಕಾರು ಆ ಮಟ್ಟಕ್ಕೆ ಇಳಿದಾಗಲೂ ನೂರನಾಲ್ವತ್ತು ಓಡುತ್ತದೆ. ಕುರುಬರಹಳ್ಳಿಯಿಂದ ಮೆಜೆಸ್ಟಿಕ್ಕಿಗೆ ಐದಾರು ಕಿಲೊಮೀಟರು. ದಿನಕ್ಕೆ ಎರಡು ಸಲ ಹೋಗಿ ಬಂದರೂ ಆ ಮುದಿ ಎತ್ತಿಗೆ ಅದು ಹೆಚ್ಚಿನ ದುಡಿಮೆಯಲ್ಲ. ಬ್ಯಾಟರಿಯೊಳಗೆ ಅನೇಕ ಕೋಶಗಳ ಗುಂಪುಗಳಿರುವುದರಿಂದ, ಕೆಲವು ಮಾದರಿಗಳಲ್ಲಿ ಕೆಟ್ಟ ಗುಂಪನ್ನಷ್ಟೇ ಬದಲಿಸಿ ಉಳಿದುದನ್ನು ಉಳಿಸಿಕೊಳ್ಳಲೂ ಸಾಧ್ಯ. ಕಾರಿಗೆ ಬೇಡವಾದ ಬ್ಯಾಟರಿ ಮನೆಯ ಮೇಲಿನ ಸೂರ್ಯಶಕ್ತಿಯನ್ನು ಕೂಡಿಡಲು ಬರುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಯನ್ನು ಸಂಗ್ರಹಿಸಿ ಸಂಸ್ಕರಿಸುವ ಹೊಣೆಯನ್ನು ತಯಾರಕರ ಮೇಲೆಯೇ ಹೊರಿಸಿವೆ.

ಆದುದರಿಂದ ವಿದ್ಯುತ್ ಕಾರನ್ನು, ಅದರಲ್ಲಿಯೂ ಹಳೆಯದನ್ನು, ಕೊಳ್ಳುವವರು ಮೂರು ಮಾತುಗಳನ್ನು ಕೇಳಿ ತಿಳಿದುಕೊಳ್ಳುವುದು ಲೇಸು. ಬ್ಯಾಟರಿ ಈಗ ಶೇಕಡ ಎಷ್ಟು ಶಕ್ತಿ ಹಿಡಿಯುತ್ತದೆ ಎಂಬುದು ಕಾಗದದಲ್ಲಿ ಸಿಗುತ್ತದೆಯೆ? ಭರವಸೆ ಕಾರಿನೊಡನೆ ನಮ್ಮ ಕೈಗೆ ಬರುತ್ತದೆಯೆ, ಹಿಂದಿನ ಮಾಲೀಕನೊಡನೆ ಮುಗಿಯುತ್ತದೆಯೆ? ಕೆಟ್ಟರೆ ಒಂದು ಭಾಗವನ್ನು ಬದಲಿಸಿ ಕೊಡುತ್ತಾರೆಯೆ, ಇಡಿಯಾಗಿಯೇ ಕೊಳ್ಳಬೇಕೆ? ಪೆಟ್ರೋಲಿನಿಂದ ಉಳಿದ ಹಣದಲ್ಲಿ ತಿಂಗಳಿಗೆ ಒಂದಿಷ್ಟನ್ನು ಬೇರೆಯಾಗಿ ತೆಗೆದಿಟ್ಟರೆ, ಬ್ಯಾಟರಿಯ ಕಾಲ ಬಂದಾಗ ಅದು ಸಾಲವಾಗದೆ ಬರಿಯ ಖರ್ಚಾಗುತ್ತದೆ. ಹೋರಿಗರುವನ್ನು ಮೊದಲೇ ಕಟ್ಟಿ ಮೇಯಿಸಿದ ಒಕ್ಕಲಿಗನ ಗಾಡಿ ಸುಗ್ಗಿಯ ಕಾಲದಲ್ಲಿ ಎಂದೂ ನಿಂತದ್ದಿಲ್ಲ.